‘ಗೆರ್ನಿಕಾ’ವನ್ನು ಸದ್ದಿಗೆ ತರುವುದು ಹೇಗೆ? ಅನುಭವ ಇರುವವರು ಹೇಳಿ

ಪ್ರಶ್ನೆ: ಪಿಕಾಸೋನ ‘ಗೆರ್ನಿಕಾ’ ಚಿತ್ರವನ್ನು ಇಟ್ಟುಕೊಂಡು ಎಂಟು ನಿಮಿಷದ ಪ್ರಾಯೋಗಿಕ ಧ್ವನಿಕೃತಿಯೊಂದನ್ನು ಕಟ್ಟುತ್ತಿದ್ದೇನೆ. ವಿಮಾನದ ಮೊರೆತ, ಸ್ಫೋಟ, ಸೈರನ್, ಚೀರಾಟ ಎಲ್ಲವನ್ನೂ ಪದರ ಪದರವಾಗಿ ಜೋಡಿಸಿದ್ದೇನೆ. ಕೇಳಿದರೆ ಯಾವುದೋ ಯುದ್ಧದ ಸಿನಿಮಾ ಓಡುತ್ತಿದೆ ಅನ್ನಿಸುತ್ತದೆ; ಚಿತ್ರ ಎಲ್ಲೂ ಸಿಗುವುದಿಲ್ಲ. ಇಂಥದ್ದನ್ನು ಮಾಡಿದವರು ಎಲ್ಲಿಂದ ಹಿಡಿದಿರಿ?

ನಾಟಕಗಳಿಗೆ ಧ್ವನಿ ವಿನ್ಯಾಸ ಮಾಡುವವರು: ಮೊದಲು ಸ್ಫೋಟಗಳನ್ನು ಅಳಿಸಿ. ಚಿತ್ರದಲ್ಲಿ ವಿಮಾನವೂ ಇಲ್ಲ, ಬಾಂಬೂ ಇಲ್ಲ. 1937ರ ಏಪ್ರಿಲ್ 26ರಂದು ಜರ್ಮನಿಯ ಕಾಂಡೋರ್ ಲೀಜನ್ ಎಂಬ ವಾಯುದಳ ಮತ್ತು ಇಟಲಿಯ ವಿಮಾನಗಳು ಸ್ಪೇನಿನ ಬಾಸ್ಕ್ ಪ್ರದೇಶದ ಗೆರ್ನಿಕಾ ಪಟ್ಟಣವನ್ನು ಮೂರು ಗಂಟೆಗೂ ಹೆಚ್ಚು ಹೊತ್ತು ಸುಟ್ಟವು. ಪ್ಯಾರಿಸ್ಸಿನಲ್ಲಿದ್ದ ಪಿಕಾಸೋಗೆ ಅದು ತಲುಪಿದ್ದು ಪತ್ರಿಕೆಗಳ ಮೂಲಕ. ಅವನು ಬರೆದದ್ದು ತೆರೆದ ಬಾಯಿಗಳನ್ನು. ಕುದುರೆ, ಗೂಳಿ, ಸತ್ತ ಮಗುವನ್ನು ಹಿಡಿದ ತಾಯಿ, ಮೂವರ ನಾಲಿಗೆಯೂ ಚೂರಿಯ ಮೊನೆ. ನಾನಾದರೆ ಉಸಿರಿನಿಂದ ಶುರು ಮಾಡುತ್ತೇನೆ: ಚೀರುವ ಮುಂಚೆ ಒಳಗೆಳೆದುಕೊಳ್ಳುವ ಗಾಳಿ, ಗಂಟಲಿನ ಕರಕರ, ನಾಲಿಗೆ ಅಂಗುಳಿನಿಂದ ಬಿಡಿಸಿಕೊಳ್ಳುವ ಸದ್ದು. ಮೈಕನ್ನು ತುಟಿಗೆ ತೀರ ಹತ್ತಿರ ಇಡಿ, ಗಾಳಿ ನೇರವಾಗಿ ಬಡಿಯದಂತೆ ತುಸು ಓರೆಯಾಗಿ. ಚೀರಾಟವನ್ನು ಕೊನೆಯವರೆಗೂ ಕೊಡಬಾರದು ಎನ್ನುವುದು ನನ್ನ ಹಠ.

ವಿದ್ಯುನ್ಮಾನ ಸಂಗೀತ ರಚಿಸುವವರು: ಆ ಹಠವನ್ನು ನಾನು ಒಪ್ಪುವುದಿಲ್ಲ. ಸಂಯಮದ ಚಿತ್ರವೇ ಅಲ್ಲ ಅದು. ನಾನು ಹಿಡಿದದ್ದು ಬಣ್ಣವನ್ನು. ಅಲ್ಲಿರುವುದು ಕಪ್ಪು, ಬಿಳುಪು ಮತ್ತು ಬೂದಿನ ಛಾಯೆಗಳು, ಅವೂ ಹೊಳಪಿಲ್ಲದವು. ಹಾಗಾಗಿ ಎಲ್ಲ ಧ್ವನಿಗಳನ್ನೂ ಹಳೆಯ ದೂರವಾಣಿಯ ಪಟ್ಟಿಗೆ, ಅಂದರೆ 300ರಿಂದ 3400 ಹರ್ಟ್ಸ್‌ನೊಳಗೆ ಕೂಡಿಹಾಕಿದೆ. ಗುಡುಗು ಹೋಯಿತು, ಮಿನುಗು ಹೋಯಿತು, ಸಿನಿಮಾ ತಾನಾಗಿಯೇ ಹೋಯಿತು. ಅನುರಣನವನ್ನೂ, ಅಂದರೆ ಗೋಡೆಗಳಿಗೆ ಬಡಿದು ಮರಳುವ ಗುಂಗನ್ನೂ ತೆಗೆಯಿರಿ, ಚಿತ್ರದಲ್ಲಿ ಆಳವೇ ಇಲ್ಲ, ಎಲ್ಲರೂ ಮುಂದಕ್ಕೆ ಒತ್ತಿಕೊಂಡಿದ್ದಾರೆ. ಆದರೆ ಅಗಲ ಇದೆ: 3.49 ಮೀಟರ್ ಎತ್ತರಕ್ಕೆ 7.77 ಮೀಟರ್ ಅಗಲ. ಎಡ-ಬಲದ ನಡುವಿನ ಓಡಾಟ ನಿಧಾನವಾಗಿರಲಿ.

ಇನ್ನೊಂದು ಮಾತು. ಕುದುರೆಯ ಮೈಮೇಲಿನ ಪುಟ್ಟ ಗೆರೆಗಳು ಪತ್ರಿಕೆಯ ಅಚ್ಚನ್ನು ನೆನಪಿಸುತ್ತವೆ. ಯಾರಿಂದಲಾದರೂ ಸುದ್ದಿ ಓದಿಸಿ, ಗ್ರ್ಯಾನ್ಯುಲರ್ ಸಿಂಥೆಸಿಸ್‌ನಲ್ಲಿ (ಸದ್ದನ್ನು ಕಣಗಳಾಗಿ ಒಡೆದು ಮತ್ತೆ ಜೋಡಿಸುವ ವಿಧಾನ) 50 ಮಿಲಿಸೆಕೆಂಡಿನ ಚೂರುಗಳಾಗಿ ಕತ್ತರಿಸಿ, ಕ್ರಮ ಕೆಡಿಸಿ. ಪದ ತಿಳಿಯದು, ಮನುಷ್ಯನ ಮಾತು ಎಂಬುದು ಮಾತ್ರ ತಿಳಿಯುತ್ತದೆ. ನನ್ನ ಕೃತಿಯಲ್ಲಿ ನನಗೆ ಇಷ್ಟವಾದ ಭಾಗ ಇದೊಂದೇ.

ಸಂಗೀತ ಕಲಿಸುವವರೊಬ್ಬರು: ಚಿತ್ರವನ್ನೇ ಧ್ವನಿಯಾಗಿ ಬದಲಿಸುವ ತಂತ್ರಾಂಶಗಳನ್ನು ಯಾರಾದರೂ ಸೂಚಿಸುವ ಮೊದಲೇ ಹೇಳಿಬಿಡುತ್ತೇನೆ, ಬೇಡ. ಅವು ಚಿತ್ರವನ್ನು ಓದುವುದು ಹೀಗೆ: ಎಡದಿಂದ ಬಲಕ್ಕೆ ಕಾಲ, ಕೆಳಗಿನಿಂದ ಮೇಲಕ್ಕೆ ಆವರ್ತನ, ಅಂದರೆ ಸದ್ದಿನ ಏರಿಳಿತ. ತೆರೆಯ ಮೇಲೆ ಗೂಳಿ ಕಂಡರೂ ಕಿವಿಗೆ ಬರುವುದು ಬರೀ ಭುಸುಗುಟ್ಟುವ ಸದ್ದು. ಚಿತ್ರದ ಮೇಲ್ಭಾಗದ ಆ ವಿದ್ಯುತ್ ಬಲ್ಬನ್ನು ಯಾರೂ ಹೇಳಲಿಲ್ಲವಲ್ಲ! ಅದಕ್ಕೆ 50 ಹರ್ಟ್ಸ್‌ನ ಗುಂಯ್‌ಗುಡುವಿಕೆ ಕೊಡಿ, ಮೇಲೆ ಹೇಳಿದ ದೂರವಾಣಿಯ ಬೂದು ಪಟ್ಟಿಯನ್ನು ಮೀರುವ ಅನುಮತಿ ಅದೊಂದಕ್ಕೇ ಇರಲಿ. ಚಿಕ್ಕ ಸ್ಪೀಕರಿನಲ್ಲಿ 50 ಕೇಳಿಸದು, 100 ಮತ್ತು 150ನ್ನೂ ಸೇರಿಸಿ.

ಕೃತಿಯ ಹೆಸರು ಹೇಳದೆ ನಾಲ್ಕು ಜನರಿಗೆ ಕೇಳಿಸಿ. ಪೋಲೆಂಡಿನ ಸಂಗೀತ ರಚನಕಾರ ಪೆಂಡೆರೆಟ್ಸ್ಕಿ 52 ತಂತಿವಾದ್ಯಗಳಿಗೆ ಬರೆದ ಕೃತಿಗೆ ಮೊದಲು ಇದ್ದ ಹೆಸರು ಅದರ ಅವಧಿ, 8 ನಿಮಿಷ 37 ಸೆಕೆಂಡು. ಹಿರೋಷಿಮಾದಲ್ಲಿ ಬಲಿಯಾದವರಿಗೆ ಶೋಕಗೀತೆ ಎಂಬ ಶೀರ್ಷಿಕೆ ಬಂದದ್ದು ಆಮೇಲೆ. ಹೆಸರಿಲ್ಲದೆಯೂ ಆ ಸದ್ದು ನಿಲ್ಲುತ್ತಿತ್ತು.

ಪ್ರಶ್ನೆ ಕೇಳಿದವರು: ಸ್ಫೋಟ, ವಿಮಾನ ಎರಡೂ ಹೋದವು. ಸೈರನ್ ಬದಲು ಗಂಟೆ ಇಡಬಹುದೇ? ಸಂಜೆ ನಾಲ್ಕೂವರೆಗೆ ಚರ್ಚಿನ ಗಂಟೆ ಎಚ್ಚರಿಸಿತು ಎಂದು ‘ದಿ ಟೈಮ್ಸ್’ ವರದಿಗಾರ ಜಾರ್ಜ್ ಸ್ಟೀರ್ ಬರೆದಿದ್ದಾರೆ. ಆದರೆ ಚಿತ್ರದಲ್ಲಿ ಗಂಟೆ ಇಲ್ಲ.

ಧ್ವನಿ ವಿನ್ಯಾಸ ಮಾಡುವವರು: ಇಡಿ, ಒಂದೇ ಸಲ. ಗಂಟೆಯ ನಾಲಿಗೆ ಬಡಿಯುವ ಕ್ಷಣವನ್ನು ಕತ್ತರಿಸಿ, ಉಳಿಯುವ ಗುಂಗನ್ನಷ್ಟೇ ಬಳಸಿ. ಗಂಟೆ ಎಂದು ತಕ್ಷಣ ಗೊತ್ತಾಗುವುದಿಲ್ಲ. ಮುಖಪುಟಕ್ಕೆ ಮಾತ್ರ ಚಿತ್ರವನ್ನು ಹಾಕಬೇಡಿ. ಪಿಕಾಸೋ ತೀರಿಕೊಂಡದ್ದು 1973ರಲ್ಲಿ, ಹಕ್ಕುಸ್ವಾಮ್ಯ ಇನ್ನೂ ಮುಗಿದಿಲ್ಲ, ಅನುಮತಿ ಬೇಕಾಗುತ್ತದೆ.