ಹಣದುಬ್ಬರ ಇಳಿದ್ರೂ ಎಣ್ಣೆ ಯಾಕೆ ಇಳಿಲಿಲ್ಲ?

ಚಿಕ್ಕಪ್ಪ, ನಮ್ಮ ಮನೆಯೋರ ಗ್ರೂಪಲ್ಲಿ ಪೇಪರ್ ಕಟಿಂಗ್ ಹಾಕಿ 'ಹಣದುಬ್ಬರ ಇಳೀತಂತೆ, ಗಾಂಧಿ ಬಜಾರಲ್ಲಿ ಯಾವ್ದು ಇಳಿದಿದೆ ತೋರಿಸ್ರಪ್ಪ' ಅಂತ ಕೇಳಿದ್ರಲ್ಲ, ಇದನ್ನ ಟೈಪ್ ಮಾಡ್ತಾ ಕೂತ್ರೆ ಬೆಳಗಾಗುತ್ತೆ, ವಾಯ್ಸ್ ಮೆಸೇಜಲ್ಲಿ ಹೇಳೇ ಬಿಡ್ತೀನಿ. ಹಣದುಬ್ಬರ ಇಳೀತು ಅಂದ್ರೆ ಬೆಲೆ ಏರೋ ವೇಗ ಕಮ್ಮಿಯಾಯ್ತು ಅಂತ, ರೇಟು ಕಮ್ಮಿಯಾಯ್ತು ಅಂತಲ್ಲ. ಕೊಬ್ಬರಿ ಎಣ್ಣೆನೇ ತಗೊಳ್ಳಿ. ಲೀಟರಿಗೆ 250 ಇದ್ದದ್ದು ವರ್ಷದಲ್ಲಿ 400 ಆಯ್ತು ಅಂತ ಇಟ್ಕೊಳ್ಳಿ, ಶೇಕಡಾ 60 ಏರಿಕೆ. ಮರುವರ್ಷ ಅದೇ ತಿಂಗಳಲ್ಲೂ 400ರಲ್ಲೇ ನಿಂತಿದ್ರೆ? ಏರಿಕೆ ಸೊನ್ನೆ. ಪೇಪರಲ್ಲಿ ಸೊನ್ನೆ, ಚಿಕ್ಕಮ್ಮ ಹಲಸಿನ ಹಪ್ಪಳ ಕರಿಯೋಕೆ ಬಾಣಲೆಗೆ ಸುರಿಯೋದು ಮಾತ್ರ 400ರ ಎಣ್ಣೆ.

ಇನ್ನೊಂದು, ಈ ಏರಿಕೆನ ಬೇರೆ ಬೇರೆ ಸಾಮಾನಿನ ಬೆಲೆ ಸೇರಿಸಿ ಒಂದೇ ಅಂಕಿ ಮಾಡಿ, ಅಂದ್ರೆ ಗ್ರಾಹಕ ಬೆಲೆ ಸೂಚ್ಯಂಕದಿಂದ, ಲೆಕ್ಕ ಹಾಕ್ತಾರೆ; ಅದರಲ್ಲಿ ಎಲ್ಲಾ ಸಾಮಾನಿಗೂ ಒಂದೇ ತೂಕ ಇಲ್ಲ. ದೇಶದ ಮನೆಗಳು ಯಾವುದಕ್ಕೆ ಎಷ್ಟು ಖರ್ಚು ಮಾಡ್ತವೆ ಅಂತ ಸರ್ವೆ ಮಾಡಿ ತೂಕ ಕಟ್ತಾರೆ. 2012ರ ಬೆಲೆನ 100 ಅಂತ ಇಟ್ಕೊಂಡಿದ್ದ ಹಳೇ ಲೆಕ್ಕದಲ್ಲಿ ನೂರಕ್ಕೆ ಸುಮಾರು 46 ಪಾಲು ಊಟ-ತಿಂಡಿದು. 2026ರ ಫೆಬ್ರವರಿಯಲ್ಲಿ 2024ನ್ನ 100 ಮಾಡಿ ಹೊಸದು ತಂದ್ರಲ್ಲ, ಅದರಲ್ಲಿ ಸುಮಾರು 37ಕ್ಕೆ ಇಳೀತು. ಯಾಕಂದ್ರೆ ಜನ ಬೇರೆ ಬೇರೆದಕ್ಕೆ ಖರ್ಚು ಮಾಡೋದು ಜಾಸ್ತಿ ಆಗಿದೆ. ಹಳೇದ್ರಲ್ಲಿ ಹಳ್ಳಿಗೆ ಮನೆ ಬಾಡಿಗೆ ಅನ್ನೋದೇ ಇರಲಿಲ್ಲ! ಆದ್ರೆ ಟೇಪ್ ರೆಕಾರ್ಡರ್ ಇತ್ತು, ಅದನ್ನ ಈಗ ತೆಗೆದ್ರು. ಅಂದ್ರೆ ಅದು ಇಡೀ ದೇಶದ ಸರಾಸರಿ ಮನೆಯ ಖರ್ಚಿನ ಚೀಟಿ. ಅಕ್ಕಿ ಗದ್ದೆದು, ಕಾಯಿ ತೋಟದ್ದು, ದುಡ್ಡೆಲ್ಲ ಔಷಧಿಗೂ ಬಸ್ಸಿಗೂ ಹೋಗೋ ನಿಮ್ಮ ಮನೆ ಚೀಟಿಗೆ ಅದು ತಾಳೆ ಆಗೋದು ಕಷ್ಟ. ಅಡಿಕೆ ರೇಟು ಏರಿದಾಗ ಈ ಗ್ರೂಪಲ್ಲಿ ಯಾರಾದ್ರೂ 'ಬೆಲೆಯೇರಿಕೆ' ಅಂತ ಬೈದದ್ದು ನಾನಂತೂ ಕಾಣೆ, ಎಲೆ-ಅಡಿಕೆ ಹಾಕೋರ ಖರ್ಚಿಗೂ ಅದು ಸೇರುತ್ತೆ ಮಾರಾಯ್ರೆ.

ಮತ್ತೆ ಭಾವ, ನೀವು 'ಅಂಕಿ ಎಲ್ಲಾ ಡೆಲ್ಲೀಲಿ ಕೂತು ಬರೆಯೋದು' ಅಂದ್ರಿ. ಹಳೇ ಲೆಕ್ಕ ಶುರುವಾದಾಗ ದೇಶದ 1181 ಹಳ್ಳಿಗಳಲ್ಲಿ ಅಂಗಡಿಗೆ ಹೋಗಿ ರೇಟು ಬರ್ಕೊಂಡು ಬರ್ತಿದ್ದೋರು ನೀವು ಕೆಲಸ ಮಾಡ್ತಿದ್ದ ಅಂಚೆ ಇಲಾಖೆಯೋರೇ! ಆಮೇಲೆ ಅದು ಸ್ಟಾಟಿಸ್ಟಿಕ್ಸ್ ಇಲಾಖೆಯೋರಿಗೆ ಹೋಯ್ತು. ನಿಮ್ಮ ಪಿಂಚಣಿ ಡಿಎಗೂ (ಬೆಲೆ ಏರಿದ ಹಾಗೆ ಸೇರಿಸಿ ಕೊಡೋ ತುಟ್ಟಿಭತ್ಯೆ) ಚಿಕ್ಕಪ್ಪ ಹಾಕಿದ ಕಟಿಂಗಿಗೂ ನೇರ ಸಂಬಂಧ ಇಲ್ಲ. ಡಿಎಗೆ ನೋಡೋದು ಕೇಂದ್ರ ಸರ್ಕಾರದ ಲೇಬರ್ ಬ್ಯೂರೋ ಮಾಡೋ ಕೈಗಾರಿಕಾ ಕಾರ್ಮಿಕರ ಬೆಲೆ ಸೂಚ್ಯಂಕ, ಅದಕ್ಕೆ 2016ರ ಬೆಲೆ ಅಂದ್ರೆ 100. ಅದರ ಹನ್ನೆರಡು ತಿಂಗಳ ಸರಾಸರಿ ಹಿಡೀತಾರೆ, ಒಂದು ತಿಂಗಳು ಕುಸಿದ್ರೆ ಗಾಬರಿ ಆಗ್ಬೇಡಿ. ಈ ತಿಂಗಳ ಅಂಕಿ ಬಂದ ಕೂಡ್ಲೇ ಇಲ್ಲೇ ಹಾಕ್ತೀನಿ.