ಹಳೆಯ 911ರಲ್ಲಿ 1 ಮತ್ತು 3ನೇ ಗೇರ್ ಪೂರ್ತಿ ಕೂರುತ್ತಿಲ್ಲ: ಲಿಂಕೇಜ್ ಹೊಂದಿಸುವುದು ಹೇಗೆ?

ಪ್ರಶ್ನೆ

ನಮಸ್ಕಾರ. ನನ್ನ ಬಳಿ ಇರುವುದು 1982ರ ಪೋರ್ಷೆ 911 ಎಸ್‌ಸಿ, ಐದು ಗೇರುಗಳ 915 ಗೇರ್‌ಬಾಕ್ಸ್ ಇರುವ ಕಾರು. 2 ಮತ್ತು 4ನೇ ಗೇರ್ ಸಲೀಸಾಗಿ ಬೀಳುತ್ತವೆ. 1 ಮತ್ತು 3ನೇ ಗೇರ್ ಮಾತ್ರ ಅರ್ಧಕ್ಕೇ ನಿಂತಂತಾಗುತ್ತವೆ; ಇಳಿಜಾರಿನಲ್ಲಿ ಆಕ್ಸಿಲರೇಟರ್‌ನಿಂದ ಕಾಲು ತೆಗೆದರೆ 3ನೇ ಗೇರ್ ತಾನಾಗಿಯೇ ಜಾರಿ ನ್ಯೂಟ್ರಲ್‌ಗೆ ಬರುತ್ತದೆ. ಗೇರ್ ಬಿದ್ದ ಮೇಲೂ ಲಿವರ್ ಎಡಕ್ಕೂ ಬಲಕ್ಕೂ ಸಡಿಲವಾಗಿ ಅಲ್ಲಾಡುತ್ತದೆ. ಲಿಂಕೇಜ್‌ನಲ್ಲಿ (ಲಿವರನ್ನು ಗೇರ್‌ಬಾಕ್ಸ್‌ಗೆ ಜೋಡಿಸುವ ಭಾಗಗಳಲ್ಲಿ) ಶಿಫ್ಟ್ ರಾಡನ್ನು ಬಿಗಿಹಿಡಿಯುವ ಕ್ಲ್ಯಾಂಪ್ ಸಡಿಲಿಸಿ ಮತ್ತೆ ಹೊಂದಿಸಿದರೆ ಸಾಕೆಂದು ಕೆಲವರು, ಗೇರ್‌ಬಾಕ್ಸ್ ಬಿಚ್ಚಲೇಬೇಕೆಂದು ಇನ್ನು ಕೆಲವರು ಹೇಳುತ್ತಿದ್ದಾರೆ. ನಾನು ಎಲ್ಲಿಂದ ಆರಂಭಿಸಬೇಕು?

ಉತ್ತರ 1

ದಯವಿಟ್ಟು ಕ್ಲ್ಯಾಂಪನ್ನು ಈಗಲೇ ಮುಟ್ಟಬೇಡಿ. ನೀವು ಹೇಳಿದ ಲಕ್ಷಣಗಳಲ್ಲಿ ಎರಡು ಬೇರೆ ಬೇರೆ ವಿಷಯಗಳು ಬೆರೆತಿವೆ. ಗೇರ್ ಪೂರ್ತಿ ಕೂರದಿರುವುದು ಹೊಂದಾಣಿಕೆಯ ದೋಷವಾಗಿರಬಹುದು. ಆದರೆ ಗೇರ್ ಬಿದ್ದ ಮೇಲೂ ಲಿವರ್ ಅಲ್ಲಾಡುವುದು ಬುಶ್‌ಗಳ (ಕೀಲುಗಳಲ್ಲಿ ಲೋಹಕ್ಕೆ ಲೋಹ ತಾಗದಂತೆ ಹಾಕುವ ಸಣ್ಣ ಬಳೆಗಳ) ಸವೆತ, ಮತ್ತು ಸವೆದ ಬುಶ್ಶನ್ನು ಯಾವ ಹೊಂದಾಣಿಕೆಯೂ ಸರಿಪಡಿಸಲಾರದು. ಬುಶ್ ಸಡಿಲವಿರುವಾಗ ಕ್ಲ್ಯಾಂಪ್ ಹೊಂದಿಸಿದರೆ ಆ ಕ್ಷಣಕ್ಕೆ ರಾಡ್ ಯಾವ ಕಡೆಗೆ ವಾಲಿತ್ತೋ ಅದಕ್ಕೆ ತಕ್ಕಂತೆ ಹೊಂದಿಸಿದಂತಾಗುತ್ತದೆಯೇ ಹೊರತು ಸರಿಯಾದ ಸ್ಥಾನ ಸಿಗುವುದಿಲ್ಲ.

ಈ ಕಾರಿನಲ್ಲಿ ಗೇರ್‌ಬಾಕ್ಸ್ ಹಿಂದಿರುವುದರಿಂದ ಲಿವರ್‌ನ ಬುಡದಿಂದ ಒಂದು ಉದ್ದನೆಯ ರಾಡ್ ಕಾರಿನ ನೆಲದ ನಡುವಿನ ಉಬ್ಬಾದ ಟನಲ್ ಒಳಗೆ ಹಿಂದಕ್ಕೆ ಸಾಗಿ ಕಪ್ಲರ್ ಎಂಬ ಜೋಡಣೆಯ ಮೂಲಕ ಗೇರ್‌ಬಾಕ್ಸ್‌ನ ಶಾಫ್ಟಿಗೆ ಸೇರುತ್ತದೆ. ಲಿವರ್‌ನ ಕೆಳತುದಿಯ ಗುಂಡು ಕೂರುವ ಪ್ಲಾಸ್ಟಿಕ್ ಕಪ್ ಒಂದು, ಕಪ್ಲರ್ ಒಳಗಿನ ಪ್ಲಾಸ್ಟಿಕ್ ಬುಶ್‌ಗಳು ಇನ್ನೊಂದು. ಮೊದಲು ಸವೆಯುವುದು ಇವೇ. ಹಿಂದಿನ ಸೀಟುಗಳ ನಡುವೆ ಕಾರ್ಪೆಟ್ ಎತ್ತಿದರೆ ಟನಲ್ ಮೇಲೆ ಸ್ಕ್ರೂ ಹಾಕಿದ ಸಣ್ಣ ಮುಚ್ಚಳ ಕಾಣುತ್ತದೆ, ಕಪ್ಲರ್ ಅದರ ಕೆಳಗೇ ಇದೆ. ಒಬ್ಬರು ಲಿವರ್ ಅಲ್ಲಾಡಿಸುತ್ತಿರಲಿ, ನೀವು ಅಲ್ಲಿ ಟಾರ್ಚ್ ಹಿಡಿದು ನೋಡಿ: ಮುಂದಿನ ರಾಡ್ ಚಲಿಸಿದರೂ ಹಿಂದಿನ ಶಾಫ್ಟ್ ಒಂದಿಷ್ಟು ತಡೆದು ಚಲಿಸಿದರೆ ಬುಶ್ ಹೋಗಿದೆ ಎಂದೇ ಅರ್ಥ. ಹಳೆಯ ಬುಶ್‌ಗಳು ಎಷ್ಟೋ ಸಲ ಪುಡಿಪುಡಿಯಾಗಿ ಟನಲ್ ತಳದಲ್ಲಿ ಬಿದ್ದಿರುತ್ತವೆ.

ಉತ್ತರ 2

ಮೇಲಿನವರ ಮಾತು ಸರಿ. ಬುಶ್ ಬದಲಿಸಿದ ನಂತರದ ಹೊಂದಾಣಿಕೆಯ ಬಗ್ಗೆ ಬರೆಯುತ್ತೇನೆ, ಏಕೆಂದರೆ ತತ್ತ್ವ ತಿಳಿಯದೆ ಕ್ಲ್ಯಾಂಪ್ ತಿರುಗಿಸುವವರೇ ಹೆಚ್ಚು.

ಆ ಒಂದೇ ರಾಡ್ ಎರಡು ಕೆಲಸ ಮಾಡುತ್ತದೆ. ಲಿವರನ್ನು ಎಡಬಲಕ್ಕೆ ಸರಿಸಿದಾಗ ಅದು ತನ್ನ ಸುತ್ತ ತಿರುಗಿ ಗೇರಿನ ಸಾಲನ್ನು ಆರಿಸುತ್ತದೆ; ಮುಂದಕ್ಕೂ ಹಿಂದಕ್ಕೂ ಒತ್ತಿದಾಗ ಉದ್ದಕ್ಕೆ ಸರಿದು ಗೇರ್ ಕೂರಿಸುತ್ತದೆ. ಕ್ಲ್ಯಾಂಪ್ ಈ ಎರಡನ್ನೂ ಒಟ್ಟಿಗೇ ಹಿಡಿದಿರುವುದರಿಂದ, ಒಂದನ್ನು ಸರಿಮಾಡುವ ಭರದಲ್ಲಿ ಇನ್ನೊಂದು ಕೆಡುವುದು ಬಹಳ ಸುಲಭ. ತಿರುಗುವಿಕೆ ತಪ್ಪಿದ್ದರೆ ಒಂದು ಬದಿಯ ಸಾಲೇ ಸಿಗುವುದಿಲ್ಲ, ಉದಾಹರಣೆಗೆ 5 ಮತ್ತು ರಿವರ್ಸ್. ಉದ್ದ ತಪ್ಪಿದ್ದರೆ ಮುಂದಕ್ಕೆ ಬೀಳುವ 1, 3, 5 ಒಟ್ಟಿಗೆ ಕೆಡುತ್ತವೆ, ಇಲ್ಲವೇ ಹಿಂದಕ್ಕೆ ಬೀಳುವ 2, 4, ರಿವರ್ಸ್ ಒಟ್ಟಿಗೆ ಕೆಡುತ್ತವೆ. ನಿಮ್ಮದು ಉದ್ದದ ದೋಷದಂತೆ ಕಾಣುತ್ತದೆ. ನ್ಯೂಟ್ರಲ್‌ನಲ್ಲಿರುವಾಗಲೇ ಲಿವರ್ ಮುಂದಕ್ಕೆ ಬಾಗಿದೆಯೇ ಎಂದು ಪಕ್ಕದಿಂದ ನೋಡಿ. ಬಾಗಿದ್ದರೆ 1 ಮತ್ತು 3ಕ್ಕೆ ಪೂರ್ತಿ ಹೋಗಲು ಮುಂದೆ ಜಾಗವೇ ಉಳಿದಿರುವುದಿಲ್ಲ.

ಎಂಜಿನ್ ಆಫ್ ಮಾಡಿ, ಮುಂದಿನ ಚಕ್ರಗಳಿಗೆ ಗಟ್ಟಿಯಾದ ತಡೆ ಕೊಟ್ಟು, ಗೇರ್‌ಬಾಕ್ಸ್ ನಿಜವಾಗಿಯೂ ನ್ಯೂಟ್ರಲ್‌ನಲ್ಲಿದೆಯೇ ಎಂದು ಖಚಿತಪಡಿಸಿಕೊಳ್ಳಿ. ಬೋಲ್ಟ್ ಸಡಿಲಿಸುವ ಮೊದಲು ರಾಡ್ ಮತ್ತು ಕ್ಲ್ಯಾಂಪ್ ಎರಡರ ಮೇಲೂ ಹಾಯುವಂತೆ ಪೇಂಟಿನಿಂದ ಒಂದು ಗೆರೆ ಎಳೆಯಿರಿ. ಎಲ್ಲಿಂದ ಹೊರಟಿರಿ ಎಂಬುದು ಆಗ ಕಣ್ಣೆದುರಿಗೇ ಇರುತ್ತದೆ. ಬಳಿಕ ಗೇರ್‌ಬಾಕ್ಸ್‌ನ ಶಾಫ್ಟನ್ನು ಒಂದು ಬದಿಯ ಮಿತಿಯವರೆಗೆ ತಿರುಗಿಸಿ ಹಿಡಿದು, ಲಿವರನ್ನೂ ಅದೇ ಸಾಲಿನ ಮಿತಿಗೆ ತಂದು, ಹಿಂದೆಮುಂದೆ ಬಾಗದಂತೆ ನೆಟ್ಟಗೆ ನಿಲ್ಲಿಸಿ ಬೋಲ್ಟ್ ಬಿಗಿಯಬೇಕು. ಯಾವ ಬದಿ ಎಂಬುದನ್ನು ನಿಮ್ಮ ಮಾದರಿಯ ವರ್ಕ್‌ಶಾಪ್ ಮ್ಯಾನ್ಯುಯಲ್‌ನಲ್ಲೇ ನೋಡಿ. ಹಿಂದಿನ 901 ಗೇರ್‌ಬಾಕ್ಸ್‌ನ ಐದು ಗೇರಿನ ವಿನ್ಯಾಸದಲ್ಲಿ 1ನೇ ಗೇರ್ ಎಡಗಡೆ ಹಿಂದಕ್ಕೆ ಬೀಳುತ್ತಿತ್ತು, 915ರಲ್ಲಿ ಎಡಗಡೆ ಮುಂದಕ್ಕೆ. ಆದ್ದರಿಂದ ಒಂದರ ಸೂಚನೆಯನ್ನು ಇನ್ನೊಂದಕ್ಕೆ ಬಳಸಬಾರದು.

ಬಿಗಿದ ಮೇಲೆ ಐದೂ ಗೇರುಗಳನ್ನೂ ರಿವರ್ಸನ್ನೂ ಹಾಕಿ ನೋಡಿ. ಪ್ರತಿ ಗೇರ್ ಬಿದ್ದ ನಂತರವೂ ಲಿವರ್ ಆ ದಿಕ್ಕಿಗೆ ಸ್ವಲ್ಪ ಸರಿಯಲು ಆಸ್ಪದವಿರಬೇಕು. ಗೇರ್ ಕೂರುವ ಮೊದಲೇ ಲಿವರ್ ಎಲ್ಲಿಗಾದರೂ ತಾಗಿದರೆ ಉದ್ದ ಇನ್ನೂ ಸರಿಯಿಲ್ಲ. ಆಮೇಲಿನ ತಿದ್ದುಪಡಿಗಳು ಒಂದೊಂದು ಮಿಲಿಮೀಟರ್‌ನಷ್ಟಿರಲಿ.

ಪ್ರಶ್ನೆ ಕೇಳಿದವರಿಂದ

ಇಬ್ಬರಿಗೂ ಧನ್ಯವಾದಗಳು. ಕಪ್ಲರ್‌ನ ಒಂದು ಬುಶ್ ಇರಲೇ ಇಲ್ಲ, ಲೋಹಕ್ಕೆ ಲೋಹ ತಾಗುತ್ತಿತ್ತು. ಎಲ್ಲ ಬುಶ್‌ಗಳನ್ನೂ ಬದಲಿಸಿ, ಮುಂದಕ್ಕೆ ಬಾಗಿದ್ದ ಲಿವರನ್ನು ನೆಟ್ಟಗೆ ಮಾಡಿ ಹೊಂದಿಸಿದ್ದೇನೆ. 3ನೇ ಗೇರ್ ಈಗ ಜಾರುತ್ತಿಲ್ಲ. ಆದರೆ ಬೇಗ ಬದಲಿಸಿದರೆ 2ನೇ ಗೇರ್ ಕರಕರ ಎನ್ನುತ್ತದೆ. ಕ್ಲ್ಯಾಂಪನ್ನು ಇನ್ನೂ ಸ್ವಲ್ಪ ಸರಿಸಬೇಕೆ?

ಉತ್ತರ 3

ಬೇಡ. ಎಂಜಿನ್ ಆಫ್ ಇರುವಾಗ ಎಲ್ಲ ಗೇರುಗಳೂ ಪೂರ್ತಿ ಕೂರುತ್ತಿದ್ದರೆ ಲಿಂಕೇಜ್‌ನ ಕೆಲಸ ಅಲ್ಲಿಗೆ ಮುಗಿಯಿತು. ಈಗ ಎಂಜಿನ್ ಚಾಲೂ ಇಟ್ಟು, ಕ್ಲಚ್ ಪೂರ್ತಿ ಒತ್ತಿ ಹಿಡಿದು ಕೆಲವು ಕ್ಷಣ ಕಾದು ರಿವರ್ಸ್ ಹಾಕಿ. ಆಗಲೂ ಸದ್ದು ಬಂದರೆ ಕ್ಲಚ್ ಪೂರ್ತಿ ಬಿಡುತ್ತಿಲ್ಲ. ಅದರ ಕೇಬಲ್ ಹೊಂದಾಣಿಕೆ ನೋಡಬೇಕು. ರಿವರ್ಸ್ ನಿಶ್ಶಬ್ದವಾಗಿ ಬಿದ್ದು, ಬೇಗ ಬದಲಿಸಿದಾಗ ಮಾತ್ರ 2ನೇ ಗೇರ್ ಸದ್ದು ಮಾಡಿದರೆ ಅದು ಸಿಂಕ್ರೊ (ಗೇರ್ ಸೇರುವ ಮೊದಲು ವೇಗಗಳನ್ನು ಸಮ ಮಾಡುವ ಭಾಗ) ಸವೆತದ ಲಕ್ಷಣ. 915ರ ಸಿಂಕ್ರೊ ಅವಸರವನ್ನು ಸಹಿಸುವುದಿಲ್ಲ. ನ್ಯೂಟ್ರಲ್‌ನಲ್ಲಿ ಅರೆಕ್ಷಣ ತಡೆದು, ಲಿವರನ್ನು ದೂಡದೆ ಹದವಾಗಿ ಒತ್ತಿ ಹಿಡಿದರೆ ಗೇರ್ ತಾನಾಗಿ ಒಳಗೆ ಹೋಗುತ್ತದೆ. ಹಾಗೆ ಬದಲಿಸಿದರೂ ಸದ್ದು ನಿಲ್ಲದಿದ್ದಾಗ ಮಾತ್ರ ಗೇರ್‌ಬಾಕ್ಸ್ ಬಿಚ್ಚುವ ಮಾತು ಬರುತ್ತದೆ.