ಮರ ಕೆತ್ತುವ ಸಿಎನ್‌ಸಿ ಮೆಷಿನ್ ನಿಜವಾಗಿ ಹೇಗೆ ಕೆಲಸ ಮಾಡುತ್ತದೆ? ದೇವರ ಮನೆ ಬಾಗಿಲು ಕೊಡುವ ಮುಂಚೆ ತಿಳಿಯಬೇಕು

ಪಿಂಪ್ರಿ_ಬಾಗಿಲು

ಎಲ್ಲರಿಗೂ ನಮಸ್ಕಾರ. ಪಿಂಪ್ರಿಯಲ್ಲಿ ನಮ್ಮ ದೊಡ್ಡಪ್ಪನ ಬಡಗಿ ಅಂಗಡಿ ಇದೆ. ಆರ್ಡರ್, ಲೆಕ್ಕ ನಾನು ನೋಡಿಕೊಳ್ಳುತ್ತೇನೆ. ಮೂಲ ಧಾರವಾಡದವರೊಬ್ಬರು ಸಾಗುವಾನಿಯಲ್ಲಿ ದೇವರ ಮನೆ ಬಾಗಿಲು ಕೇಳಿದ್ದಾರೆ. ಎರಡು ಪ್ಯಾನಲ್‌ಗಳಲ್ಲಿ ಬಳ್ಳಿ ಮತ್ತು ಹಂಸದ ಉಬ್ಬು ಕೆತ್ತನೆ, ಮೇಲಿನ ಪಟ್ಟಿಯಲ್ಲಿ ಕನ್ನಡದಲ್ಲಿ ‘ಶ್ರೀ ವೆಂಕಟೇಶ ಪ್ರಸನ್ನ’. ಕೈಯಲ್ಲಿ ಕೆತ್ತುವವರು ನಮ್ಮಲ್ಲಿ ಯಾರೂ ಇಲ್ಲ. ಭೋಸರಿ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ಸಿಎನ್‌ಸಿ (ಕಂಪ್ಯೂಟರ್ ಆಜ್ಞೆಯಂತೆ ಕೊರೆಯುವ ಮೆಷಿನ್) ಜಾಬ್ ವರ್ಕ್ ಮಾಡುವವರಿಗೆ ಕೊಡೋಣ ಅಂತ ಇದ್ದೇನೆ.

ವಿಚಾರಿಸಿದಾಗ ಒಬ್ಬರು ಒಂದು ಪ್ಯಾನಲ್‌ಗೆ ಎರಡು ಗಂಟೆಯೊಳಗೆ ಆಗುತ್ತದೆ ಎಂದರು, ಇನ್ನೊಬ್ಬರು ಅದೇ ಪ್ಯಾನಲ್‌ಗೆ ಅದರ ಎರಡರಷ್ಟು ಸಮಯ ಹೇಳಿದರು. ದುಡ್ಡು ಗಂಟೆ ಲೆಕ್ಕದಲ್ಲೇ. ಇಷ್ಟು ವ್ಯತ್ಯಾಸ ಯಾಕೆ? ನಾವು ಫೋಟೊ ಕೊಟ್ಟರೆ ಮೆಷಿನ್ ಅದನ್ನು ನೋಡಿ ಕೆತ್ತುತ್ತದಾ? ಎಲ್ಲಿ ಎಷ್ಟು ಆಳ ಅಂತ ಅದಕ್ಕೆ ಹೇಗೆ ಗೊತ್ತಾಗುತ್ತದೆ? ದೊಡ್ಡಪ್ಪ ಕೇಳುವ ಪ್ರಶ್ನೆ ಇನ್ನೊಂದು: ಮರದ ನಾರು ಯಾವ ಕಡೆ ಓಡಿದೆ ಎಂದು ಅದಕ್ಕೆ ತಿಳಿಯುತ್ತದಾ? ಈ ಮೆಷಿನ್ ಮೇಲೆ ಕೆಲಸ ಮಾಡಿದವರು ದಯವಿಟ್ಟು ಬಿಡಿಸಿ ಹೇಳಿ.

ಭೋಸರಿ_ರೂಟರ್

ದೊಡ್ಡಪ್ಪನವರ ಪ್ರಶ್ನೆಯೇ ಸರಿಯಾದ ಪ್ರಶ್ನೆ. ಉತ್ತರ, ಇಲ್ಲ. ಮೆಷಿನ್ ಚಿತ್ರವನ್ನೂ ನೋಡುವುದಿಲ್ಲ, ಮರವನ್ನೂ ನೋಡುವುದಿಲ್ಲ. ಉದ್ದಕ್ಕೆ ಎಷ್ಟು, ಅಗಲಕ್ಕೆ ಎಷ್ಟು, ಮೇಲೆ ಕೆಳಗೆ ಎಷ್ಟು, ಈ ಮೂರು ಅಂಕಿ ಮತ್ತು ವೇಗ ಬಿಟ್ಟರೆ ಅದಕ್ಕೆ ಬೇರೇನೂ ಗೊತ್ತಿಲ್ಲ. ನಾವು ಇದನ್ನು ಎಕ್ಸ್, ವೈ, ಝಡ್ ಅಂತೀವಿ.

ಮೊದಲು ಕಂಪ್ಯೂಟರ್‌ನಲ್ಲಿ ಡಿಸೈನ್ ಆಗಬೇಕು. ನಿಮ್ಮ ಹಂಸದ ಫೋಟೊದಿಂದ ನೇರವಾಗಿ ಏನೂ ಆಗುವುದಿಲ್ಲ, ಯಾರಾದರೂ ಕೂತು ಅದರ ಉಬ್ಬು ತಗ್ಗುಗಳ ಮಾದರಿ ಮಾಡಬೇಕು, ಇಲ್ಲವೇ ಸಿದ್ಧ ಮಾದರಿಯನ್ನು ಕೊಳ್ಳಬೇಕು. ಕೆಲವರು ಫೋಟೊದ ಕಪ್ಪು ಬಿಳುಪನ್ನೇ ಆಳ ಅಂತ ಮಾಡಿ ಕೊಡುತ್ತಾರೆ, ನೆರಳು ಬಿದ್ದ ಕೆನ್ನೆ ಹಳ್ಳ ಬೀಳುತ್ತದೆ. ಅದನ್ನು ಒಪ್ಪಬೇಡಿ. ಆಮೇಲೆ ಇನ್ನೊಂದು ಸಾಫ್ಟ್‌ವೇರ್ ಆ ಮಾದರಿಯ ಮೇಲೆ ಬಿಟ್ (ತಿರುಗುತ್ತ ಮರ ಕೊರೆಯುವ ಅಲಗು) ಎಲ್ಲೆಲ್ಲಿ ಓಡಬೇಕು ಎಂದು ದಾರಿ ಹಾಕುತ್ತದೆ. ನಮ್ಮ ಕಡೆ ಬಹಳ ಜನ ಈಗಲೂ ಆರ್ಟ್‌ಕ್ಯಾಮ್ ಬಳಸುತ್ತಾರೆ, 2018ರಲ್ಲೇ ಅದರ ಮಾರಾಟ ನಿಂತಿದ್ದರೂ. ಆಸ್ಪೈರ್ ಕೂಡ ಚೆನ್ನಾಗಿದೆ. ಆ ದಾರಿ ಸಾಲು ಸಾಲಾಗಿ ಬರೆದ ಆಜ್ಞೆಗಳ ಫೈಲ್ ಆಗಿ ಹೊರಬರುತ್ತದೆ, ಅದೇ ಜಿ ಕೋಡ್. ಜಿ0 ಅಂದರೆ ಗಾಳಿಯಲ್ಲಿ ಬೇಗ ಹೋಗು, ಜಿ1 ಅಂದರೆ ಹೇಳಿದ ವೇಗದಲ್ಲಿ ನೇರವಾಗಿ ಕೊರೆಯುತ್ತ ಹೋಗು, ಜಿ2 ಮತ್ತು ಜಿ3 ಅಂದರೆ ಕಮಾನಿನಂತೆ ತಿರುಗು, ಎಂ3 ಅಂದರೆ ಬಿಟ್ ತಿರುಗಿಸುವ ಸ್ಪಿಂಡಲ್ ಶುರು ಮಾಡು. ಈಗ ಇದು ಪೆನ್ ಡ್ರೈವ್‌ನಲ್ಲಿ ಬರುತ್ತದೆ. 1952ರಲ್ಲಿ ಅಮೆರಿಕದ ಎಂಐಟಿಯಲ್ಲಿ ಮೊದಲ ಸಲ ಇಂಥ ಮೆಷಿನ್ ತೋರಿಸಿದಾಗ ಆಜ್ಞೆಗಳು ತೂತು ಹೊಡೆದ ಟೇಪಿನ ಮೇಲಿದ್ದವು, ಅದೂ ಲೋಹ ಕೊರೆಯುವುದಕ್ಕೆ.

ಮೆಷಿನ್ ಒಳಗೆ ಕಂಟ್ರೋಲರ್ ಪ್ರತಿ ಸಾಲನ್ನೂ ಮೋಟಾರ್‌ಗೆ ಕೊಡುವ ಪಲ್ಸ್ (ವಿದ್ಯುತ್ ಮಿಡಿತ) ಆಗಿ ಬದಲಿಸುತ್ತದೆ. ಸಾಮಾನ್ಯ ಸ್ಟೆಪ್ಪರ್ ಮೋಟಾರ್ ಒಂದು ಸುತ್ತಿಗೆ 200 ಹೆಜ್ಜೆ ಹಾಕುತ್ತದೆ. ಡ್ರೈವ್ ಪ್ರತಿ ಹೆಜ್ಜೆಯನ್ನು 8 ಭಾಗ ಮಾಡಿದರೆ ಸುತ್ತಿಗೆ 1600. ಮೋಟಾರ್ ತಿರುಗಿಸುವ ಸ್ಕ್ರೂ ಒಂದು ಸುತ್ತಿಗೆ ಬಿಟ್ ಅನ್ನು 5 ಮಿ.ಮೀ. ಸರಿಸಿದರೆ ಒಂದು ಮಿ.ಮೀ.ಗೆ 320 ಪಲ್ಸ್. ಮೆಷಿನ್‌ನ ಸೂಕ್ಷ್ಮತೆ ಇಲ್ಲಿಂದ ಬರುತ್ತದೆ. ಆದರೆ ಸಾಮಾನ್ಯ ಸ್ಟೆಪ್ಪರ್‌ಗೆ ಹಿಂದಿರುಗಿ ಹೇಳುವ ವ್ಯವಸ್ಥೆ ಇರುವುದಿಲ್ಲ. ಬಿಟ್ ಗಂಟಿಗೆ ಸಿಕ್ಕಿ ಮೋಟಾರ್ ಕೆಲವು ಹೆಜ್ಜೆ ತಪ್ಪಿದರೂ ಕಂಟ್ರೋಲರ್‌ಗೆ ಗೊತ್ತಾಗುವುದಿಲ್ಲ, ಅಲ್ಲಿಂದ ಮುಂದಿನ ಇಡೀ ಕೆತ್ತನೆ ಪಕ್ಕಕ್ಕೆ ಸರಿದೇ ಬರುತ್ತದೆ. ಸರ್ವೊ ಮೋಟಾರ್‌ನಲ್ಲಿ ಎನ್‌ಕೋಡರ್ ಇರುತ್ತದೆ, ಎಲ್ಲಿದ್ದೇನೆ ಎಂದು ಅದು ಹೇಳುತ್ತಲೇ ಇರುತ್ತದೆ. ಜಾಬ್ ವರ್ಕ್ ಕೊಡುವಾಗ ಯಾವ ಮೋಟಾರ್ ಅಂತ ಕೇಳುವುದು ತಪ್ಪಲ್ಲ.

ಆಳದ ವಿಷಯ. ಬಿಟ್ ಕಟ್ಟಿದ ಮೇಲೆ ಮರದ ಮೇಲ್ಮೈ ಎಲ್ಲಿದೆ ಎಂದು ಆಪರೇಟರ್ ತೋರಿಸಬೇಕು. ಲೋಹದ ಚಿಕ್ಕ ತಗಡು ಇಟ್ಟು ಬಿಟ್ ಅದಕ್ಕೆ ತಾಗಿದಾಗ ಸರ್ಕ್ಯೂಟ್ ಕೂಡುತ್ತದೆ, ತಗಡಿನ ದಪ್ಪ ಕಳೆದು ಅದೇ ಸೊನ್ನೆ. ಮುಂದಿನ ಆಳವೆಲ್ಲ ಅಲ್ಲಿಂದ. ಹಲಗೆ ಸ್ವಲ್ಪ ಬಾಗಿದ್ದರೆ ಒಂದು ಮೂಲೆಯಲ್ಲಿ ಆಳ ಜಾಸ್ತಿ, ಇನ್ನೊಂದರಲ್ಲಿ ಕಡಿಮೆ. ಹಾಗಾಗಿ ಮರ ಚಪ್ಪಟೆ ಮಾಡಿಯೇ ಕಳಿಸಿ.

ಈಗ ಗಂಟೆಯ ಲೆಕ್ಕ. ಉಬ್ಬು ಕೆತ್ತನೆ ಎರಡು ಹಂತದಲ್ಲಿ ಆಗುತ್ತದೆ. ಮೊದಲು ದಪ್ಪ ಬಿಟ್‌ನಿಂದ ಬೇಡದ ಮರ ತೆಗೆಯುತ್ತಾರೆ. ಆಮೇಲೆ ತುದಿ ಗುಂಡಾದ ಸಣ್ಣ ಬಿಟ್ ಒತ್ತೊತ್ತಾಗಿ ಗೆರೆ ಎಳೆಯುತ್ತ ಬರುತ್ತದೆ. ನಿಮ್ಮ ಪ್ಯಾನಲ್ 300 ಮಿ.ಮೀ. ಅಗಲ, 600 ಮಿ.ಮೀ. ಉದ್ದ ಎಂದಿಟ್ಟುಕೊಳ್ಳಿ. ಗೆರೆಗಳ ನಡುವೆ 0.3 ಮಿ.ಮೀ. ಬಿಟ್ಟರೆ 1000 ಗೆರೆ ಬೇಕು. ಒಟ್ಟು 600 ಮೀಟರ್ ಓಟ. ನಿಮಿಷಕ್ಕೆ 3 ಮೀಟರ್ ವೇಗದಲ್ಲಿ 200 ನಿಮಿಷ. 0.6 ಮಿ.ಮೀ. ಬಿಟ್ಟರೆ 100 ನಿಮಿಷ. ನಿಮಗೆ ಹೇಳಿದ ಎರಡು ಸಮಯಗಳ ವ್ಯತ್ಯಾಸ ಬಹುಶಃ ಇದೇ. ಆದರೆ ಗೆರೆಯ ಅಂತರ ಎರಡರಷ್ಟಾದರೆ ನಡುವೆ ಉಳಿಯುವ ಏಣಿನ ಎತ್ತರ ಸುಮಾರು ನಾಲ್ಕು ಪಟ್ಟು ಆಗುತ್ತದೆ. ಅದನ್ನು ನೀವೇ ಎಮರಿ ಪೇಪರ್ ಹಿಡಿದು ತೆಗೆಯಬೇಕು, ಹಂಸದ ಗರಿ ಅದರ ಜೊತೆಗೇ ಸವೆಯುತ್ತದೆ. ದೇವರ ಮನೆ ಬಾಗಿಲಿಗೆ ನಾನಂತೂ ನಿಧಾನದ್ದನ್ನೇ ಕೊಡಿಸುತ್ತಿದ್ದೆ.

ಜೋಗೇಶ್ವರಿ_ಪ್ಲೈ

ಒಂದು ಮಾತು ಸೇರಿಸುತ್ತೇನೆ. ನಿಧಾನ ಅಂದರೆ ಬಿಟ್ ಅನ್ನು ಸುಮ್ನೆ ನಿಧಾನ ಓಡಿಸುವುದಲ್ಲ. ಸ್ಪಿಂಡಲ್ ನಿಮಿಷಕ್ಕೆ 18000 ಸುತ್ತು ತಿರುಗುತ್ತಿದ್ದರೆ, ಬಿಟ್‌ಗೆ ಎರಡು ಅಲಗು ಇದ್ದರೆ, ಪ್ರತಿ ಅಲಗು 0.1 ಮಿ.ಮೀ. ಮರ ತೆಗೆಯಬೇಕು ಎಂದರೆ ವೇಗ ನಿಮಿಷಕ್ಕೆ 3600 ಮಿ.ಮೀ. ಇರಬೇಕು. ತೀರಾ ನಿಧಾನ ಮಾಡಿದರೆ ಅಲಗು ಮರವನ್ನು ಕೊಯ್ಯದೆ ಉಜ್ಜುತ್ತದೆ. ಬಿಸಿಯಾಗುತ್ತದೆ, ಅಂಚು ಕಪ್ಪಾಗುತ್ತದೆ, ಬಿಟ್ ಮೊಂಡಾಗುತ್ತದೆ. ಹೊರಬರುವುದು ಚಕ್ಕೆಯಾಗಿರಬೇಕು. ನುಣ್ಣನೆಯ ಪುಡಿ ಬರುತ್ತಿದ್ದರೆ ಏನೋ ತಪ್ಪಿದೆ ಅಂತಲೇ ಅರ್ಥ. ಸಾಗುವಾನಿಯಲ್ಲಿ ಸಿಲಿಕಾ ಇರುವುದರಿಂದ ಬಿಟ್ ಬೇಗ ಸವೆಯುತ್ತದೆ, ಬಹಳ ಗಟ್ಟಿಯಾದ ಕಾರ್ಬೈಡ್ ಬಿಟ್ಟೇ ಬೇಕು.

ಧೂಳಿನ ಬಗ್ಗೆಯೂ ದಯವಿಟ್ಟು ಎಚ್ಚರ. ಮರದ ಧೂಳು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಯಲ್ಲಿದೆ. ಧೂಳು ಎಳೆಯುವ ಪೈಪ್ ಇಲ್ಲದ ಅಂಗಡಿಗಳಲ್ಲಿ ಹುಡುಗರು ಮೂಗಿಗೆ ಕರ್ಚೀಫ್ ಕಟ್ಟಿಕೊಂಡು ಇಡೀ ದಿನ ನಿಂತಿರುವುದನ್ನು ನೋಡಿದರೆ ಸಂಕಟ ಆಗುತ್ತದೆ. ಕೆಲಸ ಕೊಡುವವರು ನಾವೇ ಕೇಳಬೇಕು.

ಮಡಗಾಂವ್_ಕೆತ್ತನೆ

ನಾನು ಶಿರಸಿ ಕಡೆಯವನು. ನಮ್ಮದು ಗುಡಿಗಾರರ ಮನೆ, ಉಳಿ ಹಿಡಿದೇ ಬೆಳೆದವನು. ಈಗ ಗೋವಾದಲ್ಲಿ ಕೆತ್ತನೆ ಮಾಡುತ್ತೇನೆ, ಮೆಷಿನ್‌ನಲ್ಲಿ ಬಂದ ಪ್ಯಾನಲ್‌ಗಳನ್ನು ಕೈಯಲ್ಲಿ ತಿದ್ದುವ ಕೆಲಸವೂ ಬರುತ್ತದೆ. ನಾರಿನ ಬಗ್ಗೆ ಕೇಳಿದ್ದೀರಲ್ಲ, ಅದಕ್ಕೆ ಉತ್ತರ ಕೊಡುತ್ತೇನೆ.

ಕೈಯಲ್ಲಿ ಕೆತ್ತುವಾಗ ನಾರು ಎದ್ದು ಬರುತ್ತಿದೆ ಎಂದು ಉಳಿಯೇ ಹೇಳುತ್ತದೆ. ತಕ್ಷಣ ಆ ಕಡೆಯಿಂದ ಈ ಕಡೆಗೆ ತಿರುಗಿಸುತ್ತೇವೆ. ಮೆಷಿನ್ ತಿರುಗಿಸುವುದಿಲ್ಲ. ಹಾಗಾಗಿ ಹಂಸದ ಕೊಕ್ಕು, ಬಳ್ಳಿಯ ಸುರುಳಿ ತುದಿ, ಇಂಥ ಸಣ್ಣ ಭಾಗ ನಾರಿಗೆ ಅಡ್ಡ ಬಂದರೆ ಹಾರಿಹೋಗುವ ಭಯ ಇರುತ್ತದೆ. ಇದಕ್ಕೆ ಪರಿಹಾರ ಮೆಷಿನ್‌ನಲ್ಲಿಲ್ಲ, ಹಲಗೆ ಆರಿಸುವುದರಲ್ಲಿದೆ. ನಾರು ನೇರವಾಗಿರುವ, ಗಂಟಿಲ್ಲದ ಹಲಗೆ ದೊಡ್ಡಪ್ಪನವರೇ ಆರಿಸಲಿ. ಕೊನೆಯ ಗೆರೆಗಳನ್ನು ನಾರಿನ ಉದ್ದಕ್ಕೇ ಓಡಿಸಲು ಆಪರೇಟರ್‌ಗೆ ಹೇಳಿ.

ಇನ್ನೆರಡು ಕಡೆ ಉಳಿ ಬೇಕೇ ಬೇಕು. ತಿರುಗುವ ಬಿಟ್ ದುಂಡಗಿರುತ್ತದೆ, ಒಳಮೂಲೆಯನ್ನು ಅದು ಚೂಪಾಗಿ ಕೊರೆಯಲಾರದು. 6 ಮಿ.ಮೀ. ಬಿಟ್ ಆದರೆ ಮೂಲೆಯಲ್ಲಿ 3 ಮಿ.ಮೀ. ತ್ರಿಜ್ಯದ ದುಂಡು ಉಳಿಯುತ್ತದೆ. ಮತ್ತೆ ಮೂರು ಅಕ್ಷದ ಮೆಷಿನ್ ಮೇಲಿನಿಂದ ಮಾತ್ರ ಇಳಿಯುತ್ತದೆ, ಎಲೆಯ ಅಂಚಿನ ಅಡಿಗೆ ಹೋಗಿ ಟೊಳ್ಳು ಮಾಡಲಾರದು. ನಮ್ಮ ಕಡೆಯ ಕೆತ್ತನೆಯಲ್ಲಿ ಎಲೆ ಹಲಗೆಯಿಂದ ಎದ್ದು ನಿಂತಂತೆ ಕಾಣುವುದು ಆ ಅಡಿಯ ನೆರಳಿನಿಂದಲೇ. ಮೆಷಿನ್ ಪ್ಯಾನಲ್ ಬಂದ ಮೇಲೆ ಎಲೆಗಳ ಅಂಚಿನ ಕೆಳಗೆ ಸ್ವಲ್ಪ ಕೈಕೆಲಸ ಮಾಡಿಸಿ, ಬಾಗಿಲಿನ ಕಳೆಯೇ ಬೇರೆ ಆಗುತ್ತದೆ.

ಮಳೆಗಾಲದ ಮಾತು ಕೂಡ. ಮರ ನಾರಿಗೆ ಅಡ್ಡಲಾಗಿ ಹಿಗ್ಗುತ್ತದೆ, ಉದ್ದಕ್ಕೆ ಅಷ್ಟಾಗಿ ಇಲ್ಲ. ಇಲ್ಲಿ ಗೋವಾದಲ್ಲಿ ಜೂನ್ ಬಂತೆಂದರೆ ಮೆಷಿನ್ ಮೇಜಿನ ಮೇಲೆ ಹಾಸಿದ ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಕೂಡ ತೇವ ಎಳೆದು ಉಬ್ಬುತ್ತದೆ, ಮತ್ತೆ ಕೊರೆದು ಚಪ್ಪಟೆ ಮಾಡಬೇಕಾಗುತ್ತದೆ. ಪ್ಯಾನಲ್ ಅನ್ನು ಚೌಕಟ್ಟಿನ ತೋಡಿನಲ್ಲಿ ಅಂಟು ಹಾಕದೆ ಸಡಿಲ ಕೂರಿಸಿ. ಇದನ್ನು ದೊಡ್ಡಪ್ಪನವರಿಗೆ ನಾನು ಹೇಳಿಕೊಡಬೇಕಿಲ್ಲ.

ಪಿಂಪ್ರಿ_ಬಾಗಿಲು

ಎಲ್ಲರಿಗೂ ತುಂಬಾ ಧನ್ಯವಾದ. ದೊಡ್ಡಪ್ಪನಿಗೆ ಎಲ್ಲ ಓದಿ ಹೇಳಿದೆ, ಹಲಗೆ ತಾವೇ ಆರಿಸುತ್ತೇನೆ ಎಂದರು. ಅಕ್ಷರದ ಬಗ್ಗೆ ಒಂದು ಕೇಳಬೇಕು. ನಾನು ಟೈಪ್ ಮಾಡಿ ಕಳಿಸಿದ ಫೈಲ್ ಸಿಎನ್‌ಸಿಯವರ ಕಂಪ್ಯೂಟರ್‌ನಲ್ಲಿ ತೆರೆದಾಗ ‘ಪ್ರಸನ್ನ’ದ ಒತ್ತಕ್ಷರ ಬೇರೆಯಾಗಿ ಪಕ್ಕದಲ್ಲಿ ಕೂತಿತ್ತು. ಅಲ್ಲಿನ ಮಿಸ್ತ್ರಿಗೆ ಕನ್ನಡ ಓದಲು ಬರುವುದಿಲ್ಲ, ಹಾಗೇ ಕೆತ್ತಿಬಿಟ್ಟರೆ ಏನು ಗತಿ?

ಠಾಣೆ_ನಾಮಫಲಕ

ನಾನು ಮನೆ ಹೆಸರಿನ ಫಲಕ ಮಾಡುತ್ತೇನೆ, ಮರಾಠಿ ಕನ್ನಡ ಎರಡೂ. ಅವರಿಗೆ ಅಕ್ಷರ ಕಳಿಸಲೇಬೇಡಿ, ಆಕಾರ ಕಳಿಸಿ. ಇಂಕ್‌ಸ್ಕೇಪ್ ಉಚಿತ ಸಾಫ್ಟ್‌ವೇರ್, ಅದರಲ್ಲಿ ಕನ್ನಡ ಒತ್ತಕ್ಷರ ಸರಿಯಾಗಿ ಕೂಡುತ್ತದೆ. ಯೂನಿಕೋಡ್‌ನಲ್ಲಿ ಟೈಪ್ ಮಾಡಿ, ಪಾತ್ (ಬರೀ ಗೆರೆಯ ಆಕಾರ) ಆಗಿ ಬದಲಿಸಿ, ಆಮೇಲೆ ಯೂನಿಯನ್ (ಆಕಾರಗಳನ್ನು ಕೂಡಿಸಿ ಒಂದೇ ಮಾಡುವ ಆಜ್ಞೆ) ಕೊಡಿ. ಯೂನಿಯನ್ ಬಿಟ್ಟರೆ ಅಕ್ಷರ ಮತ್ತು ಅದರ ಗುಣಿತದ ಕೊಂಡಿ ಒಂದರ ಮೇಲೊಂದು ಬಂದ ಜಾಗದಲ್ಲಿ ಎರಡೂ ಗೆರೆ ಉಳಿದು, ಬಿಟ್ ಅಕ್ಷರದ ಮಧ್ಯದಲ್ಲೇ ಗೀರುತ್ತದೆ. ನಂತರ ಆಕಾರದ ಗೆರೆಗಳನ್ನು ಇಡುವ ಡಿಎಕ್ಸ್‌ಎಫ್ ಫೈಲ್ ಮಾಡಿ ಕೊಟ್ಟರೆ ಅಲ್ಲಿ ಫಾಂಟ್ ಇಲ್ಲದಿದ್ದರೂ ಚಿಂತೆಯಿಲ್ಲ.

ಕೆತ್ತುವುದಕ್ಕೆ ವಿ ಆಕಾರದ ಬಿಟ್ ಕೇಳಿ. ಗೆರೆ ಅಗಲವಾದಲ್ಲಿ ಅದು ಆಳಕ್ಕೆ ಇಳಿಯುತ್ತದೆ, ಸಣ್ಣದಾದಲ್ಲಿ ಮೇಲೇಳುತ್ತದೆ, ಹಾಗಾಗಿ ತುದಿಗಳು ಚೂಪಾಗಿ ಬರುತ್ತವೆ. 90 ಡಿಗ್ರಿ ಬಿಟ್ ಆದರೆ 8 ಮಿ.ಮೀ. ಅಗಲದ ಗೆರೆಗೆ 4 ಮಿ.ಮೀ. ಆಳ. 60 ಡಿಗ್ರಿಯದ್ದು ಅದೇ ಅಗಲಕ್ಕೆ ಸುಮಾರು 7 ಮಿ.ಮೀ. ಇಳಿಯುತ್ತದೆ, ನೆರಳು ಗಾಢವಾಗಿ ಅಕ್ಷರ ದೂರದಿಂದಲೂ ಕಾಣುತ್ತದೆ, ಆದರೆ ಪಟ್ಟಿ ದಪ್ಪ ಇರಬೇಕು. ತೀರಾ ತೆಳು ಗೆರೆಯ ಫಾಂಟ್ ಬೇಡ. ‘ಶ್ರೀ’ಯ ರ ಒತ್ತು ಮತ್ತು ‘ನ್ನ’ದ ಒತ್ತು ಎಷ್ಟು ದೊಡ್ಡದಾಗಿ ಬರುತ್ತವೋ ಅದರ ಮೇಲೆ ಪಟ್ಟಿಯ ಎತ್ತರ ನಿರ್ಧರಿಸಿ, ಮೇಲಿನ ಅಕ್ಷರದ ಮೇಲಲ್ಲ. ನಿಜವಾದ ಅಳತೆಯಲ್ಲೇ ಕಾಗದದ ಮೇಲೆ ಪ್ರಿಂಟ್ ತೆಗೆದು ಮಿಸ್ತ್ರಿಯ ಮೇಜಿನ ಮೇಲೆ ಅಂಟಿಸಿ ಬನ್ನಿ. ಸಾಗುವಾನಿಗೆ ಕೈ ಹಾಕುವ ಮೊದಲು ಎಂಡಿಎಫ್ ತುಂಡಿನ ಮೇಲೆ ಒಮ್ಮೆ ಕೆತ್ತಿಸಿ, ನೀವೇ ಓದಿ ನೋಡಿ ಒಪ್ಪಿಗೆ ಕೊಡಿ.